ಟೇಪಿನ ಇನ್ನೊಂದು ತುದಿ

ಆ ಕಾಲಕ್ಕೆ ಕಾಸರಗೋಡು ಪೇಟೆಯಲ್ಲಿ ಕತ್ತೆತ್ತಿ ನೋಡಬೇಕಾದ ಕಟ್ಟಡವೆಂದರೆ ಅದೊಂದೇ. ಧಣಿಯೊಬ್ಬರು ತಮ್ಮ ಹಳೆಯ ಹೆಂಚಿನ ಅಂಗಡಿಯನ್ನು ಕೆಡವಿ, ಅದೇ ಜಾಗದಲ್ಲಿ ಎರಡು ಉಪ್ಪರಿಗೆ ಏರಿಸುತ್ತಿದ್ದರು. ಮೇಲಿನ ಉಪ್ಪರಿಗೆಯಲ್ಲಿ ರಸ್ತೆಗೆ ಮುಖ ಮಾಡಿದ ಕೋಣೆ ನನಗೆಂದು ಬಾಯಿಮಾತಿನಲ್ಲಿ ನಿಶ್ಚಯವಾಗಿತ್ತು. ಕಂಡವರ ಅಂಗಡಿಯ ಜಗಲಿಯಲ್ಲಿ ಕೂತು ಅಂಗಿ ಹೊಲಿದೇ ಬೆನ್ನು ಬಾಗಿದವನು ನಾನು. ಸ್ವಂತದ್ದೊಂದು ಟೈಲರ್ ಅಂಗಡಿ ಆಗುತ್ತದೆ ಎಂದರೆ ರಾತ್ರಿ ನಿದ್ರೆ ಹೇಗೆ ಬಂದೀತು?

ಅದೇ ಜಗಲಿಯಲ್ಲಿ ನನ್ನ ಪಕ್ಕದ ಮಿಷಿನಿನಲ್ಲಿ ಹೊಲಿಯುತ್ತಿದ್ದವನು ನನ್ನ ಗೆಳೆಯ. ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದ. ಅಮ್ಮ ಮೀನಿನ ತಲೆಯನ್ನು ನನಗೆ ಬಡಿಸದೆ ಅವನಿಗೆ ಎತ್ತಿಡುತ್ತಿದ್ದಳು. ಅಂಗಡಿ ಹಾಕಿದ ಮೇಲೆ ಅವನನ್ನೂ ಜೊತೆಗೆ ಕರೆದುಕೊಳ್ಳುವುದೆಂದು ನಾನು ಹೇಳಿಯೂ ಆಗಿತ್ತು.

ಹಗಲಲ್ಲಿ ಮೇಸ್ತ್ರಿ ಯಾರನ್ನೂ ಹತ್ತಲು ಬಿಡುತ್ತಿರಲಿಲ್ಲ. "ರಾತ್ರಿ ಹೋಗುವ ಮಾರಾಯ, ಅಲ್ಲಿಂದ ಇಡೀ ಪೇಟೆ ಕಾಣ್ತದಂತೆ" ಎಂದವನು ಗೆಳೆಯನೇ.

ಲಾಟೀನು ಹಿಡಿದು ಬಿದಿರಿನ ಏಣಿ ಹತ್ತಿದೆವು. ಕಿಟಕಿಗೆ ಇನ್ನೂ ಬಾಗಿಲು ಇಟ್ಟಿರಲಿಲ್ಲ. ಹೊರಗೆ ತಲೆ ಹಾಕಿದೆ. ಅಯ್ಯೋ ದೇವರೇ! ರೈಲು ನಿಲ್ದಾಣದ ಕೆಂಪು ದೀಪ, ಅಂಗಡಿ ಸಾಲಿನ ಪೆಟ್ರೋಮ್ಯಾಕ್ಸು, ಆಚೆ ಕಡಲಿನಲ್ಲಿ ದೋಣಿಗಳ ಬೆಳಕು, ಎಲ್ಲ ಒಟ್ಟಿಗೆ. ನಾನು ಹುಟ್ಟಿದ ಊರು ಇಷ್ಟು ಚಂದ ಉಂಟೆಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿತು. "ಅಳ್ತೀಯಾ ಮಂಗ?" ಎಂದು ಅವನು ನಕ್ಕ.

ಖುಷಿಯಲ್ಲಿ ಕಿಸೆಯಿಂದ ಟೇಪು, ಸೀಮೆಸುಣ್ಣ ತೆಗೆದೆ. ಅವನು ಟೇಪಿನ ಒಂದು ತುದಿ ಹಿಡಿದ. ಹಗಲು ಕಿಟಕಿಯ ಬೆಳಕು ಎಡದಿಂದ ಬೀಳುವ ಹಾಗೆ ಮಿಷಿನಿಗೊಂದು ಚೌಕ, ಬಟ್ಟೆ ಕತ್ತರಿಸುವ ಮೇಜಿಗೆ ಇನ್ನೊಂದು, ಕೆಂಡದ ಇಸ್ತ್ರಿಪೆಟ್ಟಿಗೆ ಇಡಲು ಮೂಲೆಯಲ್ಲಿ ಒಂದು ವೃತ್ತ. ಹೊಸ ಕಾವಿ ನೆಲದ ಮೇಲೆ ಗೆರೆಗಳು ಬೆಳ್ಳಗೆ ಎದ್ದು ಕಂಡವು. ಆ ದಿನ ಕೆಂಪು ರವಿಕೆ ಹೊಲಿದಿದ್ದೆ. ನನ್ನ ಮೈಗೆ ಅಂಟಿದ್ದ ನೂಲಿನ ಚೂರುಗಳು ಅಲ್ಲೇ ಉದುರಿರಬೇಕು.

ಬೆಳಿಗ್ಗೆ ಕೆಲಸದವರು ನೋಡಿದ್ದು ಏನು? ಚೌಕ, ವೃತ್ತ, ಕೆಂಪು ನೂಲು. "ಮಾಟ!" ಎಂದು ಒಬ್ಬ ಕೂಗಿದ್ದೇ ತಡ, ಯಾರೂ ಏಣಿ ಹತ್ತಲು ಒಪ್ಪಲಿಲ್ಲ. ಧಣಿಗಳು ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಸರಿಸಿ, ಕಣ್ಣು ಮುಚ್ಚಿ, ಆಗದವರು ಮಾಡಿಸಿದ ಮಾಟವೇ ಹೌದೆಂದರು. ಸುದ್ದಿ ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ನಗುತ್ತಲೇ ಧಣಿಗಳ ಹತ್ತಿರ ಓಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ನಗಲಿಲ್ಲ. "ಮಿಷಿನು ಇಡ್ಲಿಕ್ಕೆ ರಾತ್ರಿ ಬಂದು ಗೆರೆ ಎಳೀತಾರಾ? ನಿನ್ನೊಟ್ಟಿಗೆ ಯಾರಿದ್ರು? ಅವ ಬಂದು ಹೇಳ್ಲಿ, ನಂಬ್ತೇನೆ" ಎಂದರು.

ಗೆಳೆಯ ಬಂದ. ಧಣಿಗಳ ಮುಂದೆ ಮೇಲೆತ್ತಿ ಕಟ್ಟಿದ್ದ ಮುಂಡನ್ನು ಕೆಳಗಿಳಿಸಿ ವಿನಯದಿಂದ ನಿಂತ. ನನ್ನ ಕಡೆ ನೋಡಲಿಲ್ಲ.

"ನಾನು ಮನೆಯಲ್ಲಿ ಮಲಗಿದ್ದೆ ಧಣಿಗಳೇ. ಇವ ಅಲ್ಲಿ ಎಂತ ಮಾಡಿದ್ನೋ ನನಗೆ ಗೊತ್ತಿಲ್ಲ."

ಹೊರಗೆ ಬಂದು ಅವನ ಅಂಗಿ ಹಿಡಿದೆ. "ಹೆದರಿಕೆಯಾಯ್ತು ಮಾರಾಯ, ನಾಡಿದ್ದು ಸಮ ಮಾಡುವ" ಎಂದ. ನಂಬಿದೆ! ಹೆದರಿದ್ದಾನೆ ಪಾಪ ಎಂದು ಅಮ್ಮನಿಗೂ ಹೇಳಿದೆ. ನನ್ನಂಥ ಪೆದ್ದ ಎಲ್ಲಿಯಾದರೂ ಇದ್ದಾನೆಯೇ?

ಕೋಣೆ ನನ್ನ ಕೈತಪ್ಪಿತು. ಧಣಿಗಳು ಹೋಮ ಮಾಡಿಸಿ, ನೆಲ ತೊಳೆಸಿದರು. ಮಾಟದ ಕೋಣೆಯೆಂದು ಯಾರೂ ಬಾಡಿಗೆಗೆ ಬರಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಗೆಳೆಯ ಜಗಲಿಯ ಕೆಲಸ ಬಿಟ್ಟ. ಎಲ್ಲಿಗೆ ಎಂದು ಹೇಳಲಿಲ್ಲ. ಪೇಟೆಯವರೇ ಹೇಳಿದರು: ಆ ಕೋಣೆಯನ್ನು ಅವನು ಹಿಡಿದಿದ್ದಾನೆ, ಅದೂ ಕಡಿಮೆ ಬಾಡಿಗೆಗೆ.

ಮಾನ ಬಿಟ್ಟು ಒಂದು ದಿನ ಉಪ್ಪರಿಗೆ ಹತ್ತಿದೆ. ಬೈಯಲೆಂದೇ ಹೋದದ್ದು, ಉಂಡೂ ಹೋದ, ಕೊಂಡೂ ಹೋದ ಎಂದು ನಾಲ್ಕು ಜನರ ಎದುರು ಹೇಳಬೇಕೆಂದಿದ್ದೆ. ಬಾಗಿಲಲ್ಲೇ ಕಾಲು ನಿಂತಿತು. ನೆಲದಲ್ಲಿ ನನ್ನ ಗೆರೆಯ ಗುರುತೂ ಇರಲಿಲ್ಲ. ಆದರೆ ಮಿಷಿನಿಗೆ ಎಡದಿಂದ ಬೆಳಕು ಬೀಳುತ್ತಿತ್ತು. ಮೇಜು ನಾನು ಅಳೆದಲ್ಲೇ ಇತ್ತು. ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಹೊಗೆಯಾಡುತ್ತಿತ್ತು.

ಅವನಿಗೆ ಗೆರೆ ಯಾಕೆ ಬೇಕು? ಟೇಪಿನ ಇನ್ನೊಂದು ತುದಿ ಹಿಡಿದಿದ್ದವನು ಅವನೇ ಅಲ್ಲವೇ.