ಬಟಾಟೆಯೊಳಗೆ ನೀರು ಏರಿದ ದಿನ

ಹಸಿ ಬಟಾಟೆ ಹೆಚ್ಚುವಾಗ ಏಳುವ ಮಣ್ಣಿನ ವಾಸನೆ ಇವತ್ತಿಗೂ ನನ್ನನ್ನು ನಿಜಾಮರ ಕಾಲದ ಕೊಪ್ಪಳಕ್ಕೆ, ನಮ್ಮ ಪಡಸಾಲೆಗೆ ಎಳೆದೊಯ್ಯುತ್ತದೆ. ಆ ಬೆಳಿಗ್ಗೆಯೂ ಎಲ್ಲ ದಿನದಂತೆಯೇ ಇತ್ತು. ಅವ್ವ ಅಂಗಳ ಸಾರಿಸಿ ರಂಗೋಲಿ ಎಳೆದಿದ್ದಳು, ಅಜ್ಜಿ ಕಾಲು ಚಾಚಿ ಜೋಳ ಬೀಸುತ್ತಿದ್ದಳು, ಅಪ್ಪ ಅರಳೆ ಅಂಗಡಿಗೆ ಹೊರಟು ರುಮಾಲು ಸುತ್ತುತ್ತಿದ್ದರು. ನನಗೆ ಮಾತ್ರ ಬೇರೆಯದೇ ಚಿಂತೆ. ರಜೆ ಮುಗಿಯುತ್ತ ಬಂದಿತ್ತು. ಬಳ್ಳಾರಿಯ ಕಾನ್ವೆಂಟಿಗೆ ಮರಳಿ ಕಳಿಸುವ ಮಾತನ್ನೇ ಅಪ್ಪ ಎತ್ತಿರಲಿಲ್ಲ. "ಹೆಣ್ಣುಡುಗಿಗೆ ಇಷ್ಟು ಓದಿದ್ದು ಭಾಳಾತು" ಎಂದು ಅಜ್ಜಿ ದಿನವೂ ಅನ್ನುತ್ತಿದ್ದಳು. ಕಲಿತದ್ದನ್ನು ಒಮ್ಮೆ ಕಣ್ಣಾರೆ ತೋರಿಸಿದರೆ ಅಪ್ಪ ಒಪ್ಪಿಯಾರು ಎಂಬ ಆಸೆ ನನಗೆ.

ಬಟಾಟೆಯನ್ನು ಎರಡು ಹೋಳು ಮಾಡಿ, ತಳದ ಸಿಪ್ಪೆ ಹೆರೆದು, ನಡುವೆ ಬಟ್ಟಲಿನಂತೆ ಕೊರೆದು, ಬೆಲ್ಲದ ಪುಡಿ ತುಂಬಿ, ನೀರಿನ ತಾಟಿನಲ್ಲಿ ನಿಲ್ಲಿಸಿದೆ. ಗಡ್ಡೆಯ ಒಂದೊಂದು ಜೀವಕೋಶಕ್ಕೂ ಎಣ್ಣೆಯಂಥ ತೆಳುವಾದ ಪೊರೆ ಇರುತ್ತದೆ, ಅದು ನೀರನ್ನು ಒಳಗೆ ಬಿಟ್ಟು ಸಕ್ಕರೆಯನ್ನು ತಡೆಯುತ್ತದೆ ಎಂದು ಕಾನ್ವೆಂಟಿನಲ್ಲಿ ಪಾಠ ಮಾಡುವ ಸಿಸ್ಟರ್ ಹೇಳಿಕೊಟ್ಟಿದ್ದರು. ಬೆಲ್ಲದ ಸೆಳೆತಕ್ಕೆ ಸಂಜೆಯೊಳಗೆ ತಾಟಿನ ನೀರು ತಾನಾಗಿ ಬಟ್ಟಲಿಗೆ ಏರಬೇಕು!

ಮಧ್ಯಾಹ್ನ ಮುಟ್ಟಿ ನೋಡಿದರೆ ಒಂದು ಹೋಳು ಮೆತ್ತಗೆ!

"ಯಾರು ಮುಟ್ಟಿದ್ರಿದನ್ನ?"

"ನಾನ ನೋಡು," ಎಂದಳು ಅಜ್ಜಿ. "ಆಟದ ಅಡಗಿ ಹಸೀದ ಬಿಟ್ಟು ಹೋಗಿದ್ದಿ. ಒಂದು ಕುದಿಸಿ, ಮತ್ತ ಬೆಲ್ಲ ತುಂಬಿ ಇಟ್ಟೀನಿ. ಇನ್ನೊಂದು ಮರತೆ."

ಅಳು ಬಂತು. ಆದರೂ ತಾಟು ತೆಗೆಯಲಿಲ್ಲ.

ಸಂಜೆ ಅಪ್ಪ ಕಂದೀಲು ಹಿಡಿದು ಬಗ್ಗಿದರು. ಹಸಿ ಹೋಳಿನಲ್ಲಿ ಬೆಲ್ಲದ ಕಂದು ನೀರು ಅಂಚಿಗೇ ಬಂದು ನಿಂತು ಮಿನುಗುತ್ತಿತ್ತು! ಬೆಂದದ್ದರ ತಳದಲ್ಲಿ ತುಸು ಅಂಟು, ಅಷ್ಟೇ.

"ಇದರಾಗ ಯಾಕ ಏರಲಿಲ್ಲ?"

"ಪೊರಿ ಸತ್ತೈತ್ರಿ ಅಪ್ಪಾ! ಕುದ್ದ ಕೂಡಲೇ ಹರದುಹೋತು. ಯಾವುದನ್ನ ಬಿಡಬೇಕು, ಯಾವುದನ್ನ ತಡೀಬೇಕು ಅನ್ನೂದು ಈಗ ಅದಕ್ಕ ತಿಳಿಯಂಗಿಲ್ಲ!"

"ಹಂಗಾರ ನಾ ಕುದಿಸಿದ್ದ ಛಲೋ ಆತು. ಪರೀಕ್ಷಾದಾಗ ನನಗೂ ಅರ್ಧ ಮಾರ್ಕು ಕೊಡಸು," ಎಂದಳು ಅಜ್ಜಿ.

ಅಪ್ಪ ಜೋರಾಗಿ ನಕ್ಕರು. ಕಂದೀಲು ಕೆಳಗಿಟ್ಟರು. ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಇವತ್ತು ಆ ಪಡಸಾಲೆ ಬಿದ್ದುಹೋಗಿದೆ, ಅಂದು ಅದರಲ್ಲಿ ನಕ್ಕವರು ಯಾರೂ ಈಗ ಇಲ್ಲ. ನಿಮ್ಮ ಮನೆಯ ಕಥೆಯೂ ಹೀಗೇ ಇದ್ದೀತು. ಆ ಸಂಜೆ ಅಪ್ಪ ಹೋದ ಮೇಲೂ ನಾನು ತಾಟಿನ ಮುಂದೆ ಕೂತೇ ಇದ್ದೆ. ಆಗ ಗೋಡೆಯಾಚೆ ಎತ್ತುಗಳಿಗೆ ಮೇವು ಹಾಕುತ್ತಿದ್ದ ಗಾಡಿ ಹೊಡೆಯುವ ಇಮಾಮ್‌ಸಾಬ್ ಮಾಮು ಕೂಗಿದ:

"ಏ ಬೇಟಿ, ಬಳ್ಳಾರಿ ರೈಲಿಗೆ ಗಾಡಿ ಹೂಡು ಅಂತ ನಿಮ್ಮಪ್ಪ ಈಗಷ್ಟ ಹೇಳಿ ಹೋದ್ರು. ಟ್ರಂಕು ಹಗೂರ ಇರಲಿ ನೋಡವಾ, ನನ್ನ ಎತ್ತು ಮುದುಕ ಆಗ್ಯಾವ."