ಸೀರೆ ಬೀರುವಿನ ಕೋವಿ

ನಿಮ್ಮ ಮನೆಯ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದರೆ ಯಾವ ವಾಸನೆ ಬರುತ್ತದೋ ನನಗೆ ಗೊತ್ತಿಲ್ಲ. ನುಸಿಗುಳಿಗೆಯದು ಇರಬಹುದು, ಯಾವುದೋ ಮದುವೆಗೆ ಮುಡಿದ ಮಲ್ಲಿಗೆಯದು ಇರಬಹುದು. ಇವತ್ತು ಬೆಳಿಗ್ಗೆ ನಾದಿನಿಯ ಗೃಹಪ್ರವೇಶಕ್ಕೆ ಉಡೋಣವೆಂದು ನಾನು ಬಿಚ್ಚಿದ ಸೀರೆಯಿಂದ ಮಾತ್ರ ಕೋವಿಗೆ ಹಚ್ಚುವ ಎಣ್ಣೆಯ ವಾಸನೆ ಬಂತು. ಗಿಳಿಹಸಿರು ಒಡಲು, ಕುಂಕುಮ ಬಣ್ಣದ ಅಂಚು, ನೋಡಲು ಲಕ್ಷಣವಾದ ಸೀರೆ. ಮೂಗಿಗೆ ಮಾತ್ರ ಮೆಕ್ಯಾನಿಕ್ ಅಂಗಡಿ. ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ನಮ್ಮ ಯಜಮಾನರು ತಿರುಗಿ ನೋಡಿ, ಗೃಹಪ್ರವೇಶಕ್ಕೆ ಹೋಗುತ್ತಿದ್ದೇವೋ ಗಾಡಿ ಸರ್ವೀಸಿಗೆ ಹೋಗುತ್ತಿದ್ದೇವೋ ಎಂದು ಕೇಳಿದರು.

ಇವರ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ, ದೊಡ್ಡಬಳ್ಳಾಪುರದಲ್ಲಿ ಮನೆ, ಒಳ್ಳೆಯ ಮನುಷ್ಯರು. ಆದರೆ ಬೀದಿಯಲ್ಲಿ ಎಲ್ಲಾದರೂ ಗಲಾಟೆಯ ಸದ್ದು ಕೇಳಿದರೆ ಸಾಕು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬೈಕ್ ಹತ್ತುತ್ತಾರೆ. ಗಲಾಟೆ ಬಿಡಿಸಲು ಹೋಗುವುದು, ಇಬ್ಬರ ಏಟನ್ನೂ ತಾವೇ ತಿಂದು ಬರುವುದು. ಬೇಡವೆಂದರೆ ಕೇಳುವ ಜಾತಿಯಲ್ಲ. ನಮ್ಮ ಚಿಕ್ಕಪ್ಪನದೂ ಇದೇ ಜಾತಿ. ಈ ಸೀರೆಗೆ ಎಣ್ಣೆಯ ವಾಸನೆ ಹತ್ತಿದ್ದು ಅವರ ದೆಸೆಯಿಂದಲೇ.

ಚಿಕ್ಕಪ್ಪನ ಮನೆ ಇರುವುದು ಆವತಿ ದಾಟಿ ಒಳಗೆ, ತೋಟದಲ್ಲಿ. ಅಣ್ಣತಮ್ಮಂದಿರಲ್ಲಿ ಭಾಗವಾದ ಮೇಲೆ ತಮ್ಮ ಪಾಲಿಗೆ ಬಂದ ಜಮೀನಿನಲ್ಲಿ ತಾವೇ ನಿಂತು ಕಟ್ಟಿಸಿದ ಮನೆ. ಹಿಂದೆ ದ್ರಾಕ್ಷಿ ಚಪ್ಪರ, ಮುಂದೆ ದೂರದಲ್ಲಿ ಬೆಟ್ಟ, ನೆತ್ತಿಯ ಮೇಲೆ ಗಳಿಗೆಗೊಂದು ವಿಮಾನ. ಯಾರೇ ಹೋಗಲಿ, ಕಾಫಿ ಕೊಡುವ ಮೊದಲು ಮನೆಯನ್ನು ಒಂದು ಸುತ್ತು ಹಾಕಿಸಿ, ಯಾವ ಕಿಟಕಿಯಿಂದ ಎಂಥ ಗಾಳಿ ಬರುತ್ತದೆಂದು ವಿವರಿಸುತ್ತಾರೆ. ಗಾಳಿ ಬರದಿದ್ದರೆ ಬರುವವರೆಗೂ ನಿಲ್ಲಿಸಿಕೊಳ್ಳುತ್ತಾರೆ. ನಾನು ಅಲ್ಲಿ ಆರಿದ ಕಾಫಿ ಕುಡಿದಷ್ಟು ಬೇರೆಲ್ಲೂ ಕುಡಿದಿಲ್ಲ.

ಆ ಮನೆಗೆ ಒಂದು ಸಲ ಕಂಟಕ ಬಂತು. ನಮ್ಮ ಕಡೆ ಬೋರ್‌ವೆಲ್ ಕೇಬಲ್ ಕದಿಯುವವರ ಕಾಟ ನಿಮಗೆ ಗೊತ್ತೇ ಇರಬೇಕು, ಒಳಗಿನ ತಾಮ್ರಕ್ಕಾಗಿ ಕತ್ತರಿಸಿಕೊಂಡು ಹೋಗುತ್ತಾರೆ. ಒಂದು ದಿನ ಬೆಳಗಾಗುವ ಮುಂಚೆ ನಾಯಿ ಬೊಗಳಿತು. ಚಿಕ್ಕಪ್ಪ ಮಚ್ಚು ಹಿಡಿದು, ಚಪ್ಪಲಿಯನ್ನೂ ಮೆಟ್ಟದೆ ಬೋರ್‌ವೆಲ್ ಕಡೆ ಓಡಿದರು. ಕಳ್ಳರು ಕಲ್ಲು ಬೀಸಿದರು. ಹಣೆ ಒಡೆದು, ದೇವನಹಳ್ಳಿ ಆಸ್ಪತ್ರೆಯಲ್ಲಿ ಹೊಲಿಗೆ ಬಿತ್ತು. ನೋಡಲು ಹೋದ ನಮಗೆ ಅವರು ಹಣೆಯ ಸುದ್ದಿಯನ್ನೇ ಎತ್ತಲಿಲ್ಲ, ಹೋದ ಕೇಬಲ್ ಎಷ್ಟು ಉದ್ದವಿತ್ತೆಂದು ಕೈ ಚಾಚಿ ಚಾಚಿ ತೋರಿಸಿದರು.

ಚಿಕ್ಕಮ್ಮನ ನಿದ್ದೆ ಅಂದಿನಿಂದ ಹೋಯಿತು. ತೆಂಗಿನ ಗರಿ ಬಿದ್ದರೂ ಎದ್ದು ಕೂರುವುದು, ನಾಯಿ ಮೈ ಕೊಡವಿದರೂ ಎದ್ದು ಕೂರುವುದು. ಕಣ್ಣ ಕೆಳಗೆ ಕಪ್ಪು ಕಟ್ಟಿತು, ಸಾರಿಗೆ ಉಪ್ಪು ಮರೆಯತೊಡಗಿದರು. ಕೊನೆಗೆ ಒಂದು ದಿನ ಗಂಡನಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಊರೊಳಗೆ ಒಂದು ಮನೆ ಬಾಡ್ಗೆಗೆ ನೋಡಿ. ನನ್ಗೆ ಇಲ್ಲಿ ನಿದ್ದೆ ಬರಲ್ಲ."

ಚಿಕ್ಕಪ್ಪನಿಗೆ ಹಣೆಗೆ ಕಲ್ಲು ಬಿದ್ದಾಗ ಆಗದ ನೋವು ಆಗ ಆಯಿತು. ಆ ಮನೆ ಬಿಟ್ಟು ಊರೊಳಗೆ, ಎದುರು ಮನೆಯ ಗೋಡೆ ನೋಡುತ್ತ ಕೂರುವುದೆಂದರೆ ಅವರಿಗೆ ಬದುಕೇ ಅಲ್ಲ. ಊಟ ಸರಿಯಾಗಿ ಮಾಡಲಿಲ್ಲ, ಬಂದವರಿಗೆ ಕಿಟಕಿ ತೋರಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನನಗೆ ಫೋನು ಮಾಡಿ, "ಮಗಾ, ಒಂದು ಕೋವಿ ತಗೊಳ್ಳಾವ ಅಂತ. ನಿಮ್ಮ ಚಿಕ್ಕಮ್ಮಂಗೆ ಧೈರ್ಯ ಬಂದು ನಿದ್ದೆ ಹತ್ತಿದ್ರೆ ಮನೆ ಉಳೀತೈತೆ. ಯಾವುದು ಒಳ್ಳೇದು ನೋಡಿ ಹೇಳು," ಎಂದರು.

ಕೋವಿಯ ವಿಷಯದಲ್ಲಿ ನನ್ನನ್ನು ಯಾಕೆ ಕೇಳಿದರೆಂದರೆ, ನಮ್ಮ ವಂಶದಲ್ಲಿ ಇಂಗ್ಲಿಷ್ ಸಲೀಸಾಗಿ ಓದುವವಳೆಂದು ನನಗೆ ಹೆಸರಿದೆ. ವಾಷಿಂಗ್ ಮಷೀನ್ ಕೊಂಡರೂ, ಹಾವಿನ ಮದ್ದು ಕೊಂಡರೂ ಡಬ್ಬಿಯ ಮೇಲಿನ ಬರಹ ನನ್ನ ಹತ್ತಿರವೇ ಬರುತ್ತದೆ. ನಾನೂ ಹೆಸರು ಉಳಿಸಿಕೊಳ್ಳಬೇಕೆಂದು ಫೋನಿನಲ್ಲಿ ವಿಡಿಯೋ ಹುಡುಕಿದೆ. ಅಮೆರಿಕದವನೊಬ್ಬ ಗಡ್ಡ ನೀವಿಕೊಳ್ಳುತ್ತ, ಆಪತ್ಕಾಲಕ್ಕೆ ಮೊದಲ ಬಂದೂಕು ಆರಿಸುವುದು ಹೇಗೆಂದು ಪಾಠ ಮಾಡುತ್ತಿದ್ದ. ಸೊಂಟಕ್ಕೊಂದು ಪಿಸ್ತೂಲು, ದೂರಕ್ಕೊಂದು ರೈಫಲ್ಲು, ಮನೆಯೊಳಕ್ಕೊಂದು ಚರೆ ಹಾರಿಸುವ ಕೋವಿ. ಜೊತೆಗೆ ನೆಲಮಾಳಿಗೆಯಲ್ಲಿ ನೀರಿನ ಕ್ಯಾನು, ಬೀನ್ಸ್ ಕಾಳಿನ ಡಬ್ಬಿಗಳು, ಮೇಣದ ಬತ್ತಿ. ಅವನು ಕಾಯುತ್ತಿದ್ದದ್ದು ಲೋಕ ಮುಳುಗುವುದನ್ನು. ನಾವು ಕಾಯಬೇಕಿದ್ದದ್ದು ಕೇಬಲ್ಲನ್ನು. ಆದರೂ ಕಾಳು, ನೀರು, ಮೇಣದ ಬತ್ತಿಯ ಮಟ್ಟಿಗೆ ನಮ್ಮ ಚಿಕ್ಕಮ್ಮ ಅವನಿಗಿಂತ ಬಹಳ ಮುಂದಿದ್ದಾರೆಂದು ನನಗೆ ಸಮಾಧಾನವಾಯಿತು.

ಭಾನುವಾರ ತೋಟದ ಮನೆಯ ಜಗಲಿಯಲ್ಲಿ ಕೂತು ಚರ್ಚೆ ಮಾಡಿದೆವು. ಚಿಕ್ಕಪ್ಪನಿಗೆ ಪಿಸ್ತೂಲಿನ ಮೇಲೆ ಮನಸ್ಸು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಎದ್ದ ಕೂಡಲೇ ಓಡಬಹುದು ಎಂದರು. ಅವರ ಸೊಂಟದಲ್ಲಿ ಪಂಚೆಯೇ ನಿಲ್ಲುವುದಿಲ್ಲ, ಇನ್ನು ಪಿಸ್ತೂಲು ಹೇಗೆ ನಿಂತೀತು ಎಂದು ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಲೇ ಅದನ್ನು ತಳ್ಳಿಹಾಕಿದರು. ರೈಫಲ್ಲು ಎಂದೆ ನಾನು. ತೋಟದಿಂದ ಹಾರಿಸಿದ್ದು ಪಕ್ಕದೂರಿನವರ ಹಸುವಿಗೆ ಬಿದ್ದರೆ ನೀನು ಹೋಗಿ ಮಾತಾಡುತ್ತೀಯಾ ಎಂದು ಚಿಕ್ಕಮ್ಮನೇ ಕೇಳಿದರು. ಉಳಿದದ್ದು ಕೋವಿಯೊಂದೇ. ಚಿಕ್ಕಮ್ಮ ಅದಕ್ಕೆ ತಲೆಯಾಡಿಸಿದರು, ಆದರೆ ಆರಿಸುವುದಕ್ಕೆ ತಾನೂ ಬರುತ್ತೇನೆಂದರು.

ಅದಕ್ಕೆ ಮೊದಲು ಲೈಸೆನ್ಸ್ ಆಗಬೇಕಲ್ಲ. ಅರ್ಜಿ ಹಾಕಿದ ಮೇಲೆ ಠಾಣೆಯಿಂದ ವಯಸ್ಸಾದ ದಫೇದಾರರೊಬ್ಬರು ವಿಚಾರಣೆಗೆ ಬಂದರು. ಚಿಕ್ಕಪ್ಪ ಅವರಿಗೂ ಕಿಟಕಿ ತೋರಿಸಿದರು. ದಫೇದಾರರು ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, "ಯಜಮಾನ್ರೇ, ತೋಟಾ ಎಲ್ಲಿಡ್ತೀರಾ?" ಎಂದು ಕೇಳಿದರು.

ಕೋವಿಗೆ ತುಂಬುವ ಮದ್ದಿನ ತೋಟಾ ಅವರು ಕೇಳಿದ್ದು. ದ್ರಾಕ್ಷಿ ಬೆಳೆಯುವ ಚಿಕ್ಕಪ್ಪನಿಗೆ ಪ್ರಪಂಚದಲ್ಲಿ ಇರುವುದು ಒಂದೇ ತೋಟ. "ಎಲ್ಲಿಡೋದು ಸ್ವಾಮಿ, ಮನೆ ಹಿಂದೇನೇ ಐತಲ್ಲ," ಎಂದರು. ಬಾಗಿಲು ಬೀಗ ಏನಾದರೂ ಉಂಟೇ ಎಂದು ದಫೇದಾರರು ಕೇಳಿದರು. ಬೀಗ ಎಂಥದ್ದು, ಸುತ್ತ ಮುಳ್ಳುತಂತಿ ಹಾಕಿದ್ದೀನಿ, ದನ ನುಗ್ಗಲ್ಲ ಎಂದರು ಚಿಕ್ಕಪ್ಪ. ಮಳೆಗೆ ನೆನೆಯುವುದಿಲ್ಲವೇ ಎಂದು ಅವರು ಗಾಬರಿಯಿಂದ ಕೇಳಿದರೆ, ನೆನೆದರೇನೇ ಚೆನ್ನ, ಮಳೆ ಸಾಲದಿದ್ದರೆ ಡ್ರಿಪ್ಪಿನಲ್ಲಿ ನೀರು ಬಿಡುತ್ತೇನೆಂದು ಇವರು ಹೆಮ್ಮೆಯಿಂದ ಹೇಳಿದರು. ದಫೇದಾರರ ಪೆನ್ನು ನಿಂತೇಹೋಯಿತು. ಮದ್ದುಗುಂಡನ್ನು ಬಯಲಲ್ಲಿಟ್ಟು ನೀರು ಹಾಯಿಸುವ ಮನುಷ್ಯನಿಗೆ ಲೈಸೆನ್ಸ್ ಕೊಡಿ ಎಂದು ಅವರು ಹೇಗೆ ಬರೆದಾರು? ಮುಚ್ಚಿದ ಬಾಯಿ ಬಿಟ್ಟರೆ ನಗು ಉಕ್ಕುತ್ತದೆಂದು ನಾನು ಅಡುಗೆಮನೆಗೆ ಓಡಿದೆ.

ಕೆಲಸ ಕೆಡದಂತೆ ಉಳಿಸಿದವರು ಚಿಕ್ಕಮ್ಮ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಕೋವಿ ತನ್ನ ಸೀರೆ ಬೀರುವಿನಲ್ಲಿ ಬೀಗದೊಳಗೆ ಇರುತ್ತದೆ, ಬೀಗದ ಕೈ ತನ್ನ ಸೊಂಟದಲ್ಲಿ ಇರುತ್ತದೆ, ತೋಟಾ ಬೇರೆ ಕೋಣೆಯಲ್ಲಿ ರಾಗಿ ಡ್ರಮ್ಮಿನೊಳಗೆ ಡಬ್ಬಿಯಲ್ಲಿ ಇರುತ್ತದೆ, ಆ ಕೋಣೆಗೂ ಬೀಗ ಇದೆ, ಅದರ ಕೈ ದೇವರ ಗೂಡಿನಲ್ಲಿ ಎಂದು ಒಂದೇ ಉಸಿರಿಗೆ ಹೇಳಿದರು. ಯಾವಾಗಲೋ ಯೋಚಿಸಿ ಇಟ್ಟುಕೊಂಡಿದ್ದಂತೆ ಇತ್ತು. ದಫೇದಾರರ ಮುಖ ಅರಳಿತು. ಎಲ್ಲರ ಮನೆಯಲ್ಲೂ ಹೀಗೆ ಬೇರೆ ಬೇರೆ ಇಟ್ಟರೆ ನಮಗೆ ಅರ್ಧ ಕೆಲಸ ಕಮ್ಮಿ ಎಂದು ಹೊಗಳಿ, ಒಂದು ಗೊನೆ ದ್ರಾಕ್ಷಿ ತಿಂದು ಹೋದರು. ಅವರು ಗೇಟು ದಾಟಿದ್ದೇ ಚಿಕ್ಕಪ್ಪ ಸಿಡುಕಿದರು. ಕಳ್ಳ ಬಂದಾಗ ಸ್ವಲ್ಪ ಇರಪ್ಪ, ರಾಗಿ ಕೆದಕಿ ಬರ್ತೀನಿ ಅನ್ನೋದಾ ಎಂದರು. ನನಗೂ ಹಾಗೇ ಅನ್ನಿಸಿತ್ತು. ಚಿಕ್ಕಮ್ಮ ಹೋಗಿ ಅವರೆಕಾಯಿಯ ಮುಂದೆ ಕೂತರು.

ಲೈಸೆನ್ಸ್ ಕೈಗೆ ಬಂದ ಮೇಲೆ ಬೆಂಗಳೂರಿನ ಕೋವಿ ಅಂಗಡಿಗೆ ಮೂವರೂ ಹೋದೆವು. ಚಿಕ್ಕಪ್ಪ ಟ್ರ್ಯಾಕ್ಟರ್ ಕೊಳ್ಳುವವರ ಹಾಗೆ, ಸರ್ವೀಸ್ ಎಷ್ಟು ಸಲ ಫ್ರೀ, ಪಾರ್ಟ್ಸ್ ದೇವನಹಳ್ಳಿಯಲ್ಲಿ ಸಿಗುತ್ತದೋ ಎಂದೆಲ್ಲ ಕೇಳಿದರು. ಅಂಗಡಿಯವನು ಹಗುರವಾದ, ತಟ್ಟನೆ ಕೈಗೆ ಬರುವ ಕೋವಿಯೊಂದನ್ನು ತೋರಿಸಿದ. ಚಿಕ್ಕಪ್ಪ ಅದನ್ನು ಹೆಗಲಿಗೇರಿಸಿ ಕನ್ನಡಿ ನೋಡಿಕೊಂಡರು. ಚಿಕ್ಕಮ್ಮ ಮಾತ್ರ ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ ಎತ್ತಿ ನೋಡಿ, ಎಲ್ಲಕ್ಕಿಂತ ಭಾರವಾದ, ಉದ್ದವಾದ ಜೋಡಿ ನಳಿಗೆಯದನ್ನು ಮುಂದಕ್ಕೆ ತಳ್ಳಿ, "ಇದಿರ್ಲಿ," ಎಂದರು. ರೇಷ್ಮೆ ಸೀರೆಯ ಬೆಲೆಯನ್ನು ತೂಕದಲ್ಲೇ ನೋಡುವ ಹೆಂಗಸು, ಕೋವಿಯನ್ನೂ ಹಾಗೇ ಆರಿಸಿದರೆಂದು ನಾನು ಮನಸ್ಸಿನಲ್ಲೇ ನಕ್ಕೆ. ಅಮೆರಿಕದ ಗಡ್ಡದವನು ನೋಡಿದ್ದರೆ ಗಡ್ಡ ಕಿತ್ತುಕೊಳ್ಳುತ್ತಿದ್ದ.

ಕೋವಿ ಬಂದ ಮೇಲೆ ಚಿಕ್ಕಮ್ಮ ಬೀರುವಿನಲ್ಲಿ ಅದಕ್ಕೆ ಈ ಗಿಳಿಹಸಿರು ಸೀರೆಯನ್ನು ಹಾಸಿದರು. ಆಯುಧಪೂಜೆಗೆ ಟ್ರ್ಯಾಕ್ಟರಿನ ಪಕ್ಕದಲ್ಲಿ ಒರಗಿಸಿ ವಿಭೂತಿ ಬಳಿದು, ಎರಡು ನಳಿಗೆಗೂ ಒಂದೊಂದು ಚೆಂಡುಹೂ ಸಿಕ್ಕಿಸಿದರು. ಮುಖ್ಯ ಸಂಗತಿಯೆಂದರೆ, ಅವರಿಗೆ ನಿದ್ದೆ ಬಂತು. ಗೊರಕೆಯೂ ಬಂತೆಂದು ಚಿಕ್ಕಪ್ಪ ಖುಷಿಯಿಂದ ಎಲ್ಲರಿಗೂ ಫೋನು ಮಾಡಿ ಹೇಳಿದರು. ಬಾಡಿಗೆ ಮನೆಯ ಮಾತು ನಿಂತಿತು, ಕಿಟಕಿಯ ಪ್ರದಕ್ಷಿಣೆ ಮತ್ತೆ ಶುರುವಾಯಿತು.

ಕಳ್ಳರು ಇನ್ನೊಂದು ಸಲ ಬಂದದ್ದು ಮುಸ್ಸಂಜೆಯಲ್ಲಿ, ಕರೆಂಟ್ ಹೋಗಿದ್ದಾಗ. ಆ ಕಥೆಯನ್ನು ಚಿಕ್ಕಪ್ಪನ ಬಾಯಲ್ಲೇ ಕೇಳಬೇಕು. ನಾಯಿ ಬೊಗಳಿದ್ದೇ ಇವರು ಎದ್ದು ಬೀರುವಿನ ಬೀಗದ ಕೈ ಕೇಳಿದ್ದಾರೆ. ಚಿಕ್ಕಮ್ಮ ಸೊಂಟ ತಡವಿಕೊಂಡಿದ್ದಾರೆ, ದಿಂಬಿನ ಕೆಳಗೆ ನೋಡಿದ್ದಾರೆ, ಮತ್ತೆ ಸೊಂಟವನ್ನೇ ತಡವಿಕೊಂಡಿದ್ದಾರೆ. ಬೀರು ತೆಗೆದರೆ ಮೇಲಿನ ಸೀರೆಗಳೆಲ್ಲ ಇವರ ತಲೆಯ ಮೇಲೆ. ಕೋವಿ ಸಿಕ್ಕಿತು, ದೇವರ ಗೂಡಿನಲ್ಲಿ ಇನ್ನೊಂದು ಬೀಗದ ಕೈಗೆ ತಡಕಾಟ. ಆಮೇಲೆ ಮೊಣಕೈವರೆಗೂ ರಾಗಿಯೊಳಗೆ ಕೈ. ಅಷ್ಟರಲ್ಲಿ ಚಿಕ್ಕಮ್ಮ ಠಾಣೆಗೂ ಅಕ್ಕಪಕ್ಕದ ತೋಟದವರಿಗೂ ಫೋನು ಮಾಡಿ ಮುಗಿಸಿದ್ದಾರೆ, ನಾಲ್ಕು ಕಡೆಯಿಂದ ಟಾರ್ಚು, ಬೈಕು, ಜನ. ಚಿಕ್ಕಪ್ಪ ಕೋವಿ ಹಿಡಿದು, ಮೈತುಂಬ ರಾಗಿ ಉದುರಿಸುತ್ತ ಅಂಗಳಕ್ಕೆ ಬಂದಾಗ ಕಳ್ಳರು ಹೋಗಿ ಎಷ್ಟೋ ಹೊತ್ತಾಗಿತ್ತು. ಕೇಬಲ್ ಅರ್ಧ ಕೊಯ್ದು ಬಿಟ್ಟಿದ್ದರು. ಕೋವಿಯ ಹೆದರಿಕೆಗೆ ಓಡಿಹೋದರು ಎಂದು ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ. ಚಿಕ್ಕಮ್ಮ ಇಲ್ಲ ಎನ್ನುವುದಿಲ್ಲ.

ಹೋದ ಯುಗಾದಿಗೆ ಹೋದಾಗ ಚಿಕ್ಕಮ್ಮ ಬೀರು ತೆಗೆದು, ಕೋವಿಯನ್ನು ಒಂದು ಹಳೆಯ ದುಪ್ಪಟಿಯ ಮೇಲೆ ಮಲಗಿಸಿ, ಈ ಸೀರೆಯನ್ನು ನನ್ನ ಮಡಿಲಿಗೆ ಹಾಕಿದರು. ಅರಿಸಿನ ಕುಂಕುಮ ಇಟ್ಟರು. ನಾನು ಸುಮ್ಮನೆ ಛೇಡಿಸುವ ಮಾತಿಗೆ, ಅಲ್ಲ ಚಿಕ್ಕಮ್ಮ, ಕೋವಿ ಒಂದು ಕಡೆ, ತೋಟಾ ಒಂದು ಕಡೆ, ಬೀಗದ ಕೈ ಇನ್ನೊಂದು ಕಡೆ, ಸಮಯಕ್ಕೆ ಸಿಗದ ಕೋವಿ ಇಟ್ಟುಕೊಂಡು ನಿಮಗೆ ಅದು ಹೇಗೆ ನಿದ್ದೆ ಬರುತ್ತದೆ ಎಂದು ಕೇಳಿದೆ. ಅವರು ಹೊರಗೆ ಇಣುಕಿ, ಚಿಕ್ಕಪ್ಪ ಯಾರಿಗೋ ಕಿಟಕಿ ತೋರಿಸುತ್ತಿದ್ದುದನ್ನು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಕಳ್ಳ್ರ ಭಯ ನನ್ಗೆ ಯಾವತ್ತಿತ್ತು ಕಣೆ? ಕೇಬಲ್ ಹೋದ್ರೆ ಇನ್ನೊಂದು ಬರ್ತದೆ. ಇವ್ರು ಹಿಂದೆ ಮುಂದೆ ನೋಡ್ದೆ ಓಡ್ತಾರಲ್ಲ, ಅದು ಭಯ. ಬೇಡ ಅಂದ್ರೆ ಕೇಳ್ತಾರಾ? ಈಗ ನೋಡು, ಮನೇಲಿ ಕೋವಿ ಐತೆ ಅಂದ್ಮೇಲೆ ಬರೀ ಮಚ್ಚು ಹಿಡ್ಕೊಂಡು ಹೋಗಕ್ಕೆ ಇವ್ರಿಗೆ ನಾಚ್ಕೆ. ಕೋವಿ ಸಿಗೋಗಂಟ ಒಳಗೇ ಇರ್ತಾರೆ. ನನ್ಗೆ ಅಷ್ಟು ಹೊತ್ತು ಸಿಕ್ರೆ ಸಾಕು."

ನಾನು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದೆ. ಭಾರದ ಕೋವಿ, ಎರಡು ಬೀಗ, ರಾಗಿ ಡ್ರಮ್ಮು, ಸೊಂಟ ತಡವಿಕೊಂಡದ್ದು, ಎಲ್ಲ ಒಂದೊಂದಾಗಿ ತಲೆಗೆ ಹತ್ತಿತು. ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಇಡೀ ಮನೆಯಲ್ಲಿ ಕೋವಿ ಆರಿಸಲು ಗೊತ್ತಿದ್ದವರು ಅವರೊಬ್ಬರೇ.

ಇವತ್ತು ಬೆಳಿಗ್ಗೆ ಸೀರೆಯನ್ನು ಬಿಸಿಲಿಗೆ ಹಾಕಿ ವಾಸನೆ ಹೋಗಲಾಡಿಸೋಣವೆಂದುಕೊಂಡವಳು ಹಾಗೇ ಉಡತೊಡಗಿದೆ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಗದ್ದಲ ಎದ್ದಿತು. ಟೆಂಪೋದವನಿಗೂ ಬಸ್ಸಿನವನಿಗೂ ಜಗಳವೆಂದು ಯಾರೋ ಕೂಗಿ ಹೇಳಿದರು. ನಮ್ಮ ಯಜಮಾನರು ಬಾಚಣಿಗೆ ಎಸೆದು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಾಗಿಲ ಹತ್ತಿರ ಹೋಗಿ, ಬೈಕಿನ ಕೀ ಎಲ್ಲೇ ಎಂದು ಕೇಳಿದರು.

"ಅಡುಗೆಮನೇಲಿ ನೋಡ್ರೀ, ರಾಗಿ ಡಬ್ಬದಲ್ಲಿ ಬಿದ್ದಿರ್ಬೇಕು," ಎಂದೆ.

ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿತು. ರಾಗಿ ಕೆದಕುವ ಸದ್ದು ಕೇಳಿತು. ಹೊರಗಿನ ಗದ್ದಲ ಮೆಲ್ಲಗೆ ಇಳಿಯುತ್ತಿತ್ತು. ನಾನು ಅವಸರವಿಲ್ಲದೆ ಒಂದೊಂದೇ ನೆರಿಗೆ ಹಿಡಿದು, ಸೊಂಟದಲ್ಲಿದ್ದ ಬೈಕಿನ ಕೀಯ ಮೇಲೆ ಬರುವ ಹಾಗೆ ಸಿಕ್ಕಿಸಿಕೊಂಡೆ.