ಒಂದೇ ಟ್ರೆಂಚಿನ ರಿಂಗು

ಗಣಿ ಭರಾಟೆಯ ಆ ವರ್ಷಗಳಲ್ಲಿ ನಮ್ಮನೆಯವರು ಸಂಡೂರು ಗುಡ್ಡದ ಒಂದು ಖಾಸಗಿ ಗಣಿಯಲ್ಲಿ ಇಂಜಿನಿಯರ್ ಆಗಿದ್ದರು. ಹೊಸಪೇಟೆಯಿಂದ ಬಿಳಿ ಅಂಗಿ ತೊಟ್ಟು ಹೋದವರು ಕೆಂಪು ಅಂಗಿಯಲ್ಲಿ ಮರಳುತ್ತಿದ್ದರು. ಕಂಟ್ರೋಲ್ ರೂಮಿನಿಂದ ಅದಿರು ಸಾಗಿಸುವ ಬೆಲ್ಟುಗಳಿಗೆ ಅಪ್ಪಣೆ ಒಯ್ಯುವ ಕೇಬಲ್ ಪದೇ ಪದೇ ತುಂಡಾಗಿ ಕೆಲಸ ನಿಲ್ಲುತ್ತಿತ್ತು.

"ಇನ್ನೊಮ್ಮೆ ನಿಂತ್ರ ನೀವೂ ಮನೀಗೆ ನಡೀರಿ," ಎಂದಿದ್ದರು ಗಣಿಯ ಸಾಹುಕಾರರು.

ಅದಕ್ಕೇ ರಿಂಗು ಎಂಬ ಹೊಸ ಜೋಡಣೆ ಬಂತು. ನಮ್ಮ ಊಟದ ಮೇಜಿನ ಮೇಲೆ ನಕ್ಷೆ ಹರಡಿ ಇವರು ವಿವರಿಸಿದರು: ಕೇಬಲ್ ಟ್ರೆಂಚಿನಲ್ಲಿ, ಅಂದರೆ ನೆಲದಲ್ಲಿ ತೋಡಿದ ಉದ್ದ ಕಾಲುವೆಯಲ್ಲಿ, ಬೆಲ್ಟಿನಿಂದ ಬೆಲ್ಟಿಗೆ ಹೋಗಿ, ಗುಡ್ಡ ಸುತ್ತಿ, ಹೊರಟಲ್ಲಿಗೇ ಬರುತ್ತದೆ. ಒಂದು ಕಡೆ ತುಂಡಾದರೆ ಸಂದೇಶ ಇನ್ನೊಂದು ಕಡೆಯಿಂದ ಹೋಗುತ್ತದೆ. ನಾನು ಚಟ್ನಿ ಬಟ್ಟಲು ಸರಿಸಿ ನೋಡಿದೆ. ಗುಡ್ಡದ ಹಿಂಬದಿಯಿಂದ ಕೇಬಲ್ ಮರಳಿ ಬರುವ ಗೆರೆಯನ್ನು ಹಸಿರು ಶಾಯಿಯಲ್ಲಿ ಹೊಡೆದುಹಾಕಿ ಸಾಹುಕಾರರು 'ಒಂದೇ ಟ್ರೆಂಚ್ ಸಾಕು' ಎಂದು ಬರೆದಿದ್ದರು.

"ಹೋಗೋದೂ ಬರೋದೂ ಒಂದೇ ಟ್ರೆಂಚಿನ್ಯಾಗ ಏನ್ರಿ?"

"ಕೇಬಲ್ ಎರಡು ಅದಾವಲ್ಲ. ನೀ ಸುಮ್ನ ದೋಸಿ ಹಾಕು."

ಹಾಕಿದೆ. ಒಂದು ಪ್ರಶ್ನೆಯನ್ನು ಎರಡು ಸಲ ಕೇಳಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು.

ಆಯುಧಪೂಜೆಗೆ ನೌಕರರ ಮನೆಮಂದಿಯನ್ನೂ ಗಣಿಗೆ ಕರೆದಿದ್ದರು. ಪೂಜೆ ಮುಗಿದು ಬೆಲ್ಟು ಚಾಲೂ ಆದಮೇಲೆ ಸಾಹುಕಾರರು ಕೈಯಾರೆ ಒಂದು ಕೇಬಲ್ ಕೀಳುವುದು, ಬೆಲ್ಟು ಓಡುತ್ತಲೇ ಇರುವುದು ಎಂದು ಏರ್ಪಾಟು. ಕಂಪ್ಯೂಟರಿಗೆ ವಿಭೂತಿ, ಕುಂಕುಮ ಆಗಿತ್ತು. ಕಂಟ್ರೋಲ್ ರೂಮಿನ ಬಾಗಿಲಿಗೆ ನೆಟ್ಟ ಬಾಳೆಕಂಬ ಅಲುಗುತ್ತಿದೆಯೆಂದು ಕಾವಲುಗಾರ ಹಾರೆ ತಂದು ಗುಂಡಿಯನ್ನು ಇನ್ನಷ್ಟು ಆಳ ಮಾಡಿದ. ಕೆಂಪು ಮಣ್ಣಿನ ಜೊತೆ ಕಪ್ಪು ವೈರಿನ ತುಂಡಾದ ತುದಿಗಳು ಮೇಲೆ ಬಂದವು. ಒಂದಲ್ಲ, ಎರಡು ಕೇಬಲ್ಲಿನವು.

ಮಂಗಳಾರತಿಯಾಯಿತು. ಸಾಹುಕಾರರು ಬೆಲ್ಟಿನ ಸ್ವಿಚ್ ಒತ್ತಿದರು. ಬೆಲ್ಟಿಗೆ ಹಾಕಿದ ಚೆಂಡುಹೂವಿನ ಸರ ಕೂಡ ಅಲುಗಲಿಲ್ಲ.

"ಎರಡನ್ನೂ ಒಂದೇ ಟ್ರೆಂಚಿನ್ಯಾಗ ಇಟ್ಟ ಶಾಣ್ಯಾ ಯಾರ್ರಿ?" ಬಾಳೆಕಂಬದ ಬುಡದ ವೈರುಗಳನ್ನು ಕಂಡು ಸಾಹುಕಾರರು ಗುಡುಗಿದರು.

ನಮ್ಮನೆಯವರು ತಮ್ಮ ಬೂಟು ನೋಡುತ್ತ ನಿಂತರು. ನೌಕರಿ ಹೋದರೂ ಬಾಯಿ ಬಿಡುವವರಲ್ಲ. ನಾನು ತಾಂಬೂಲದ ತಟ್ಟೆ ಹಿಡಿದೇ ಮೆಲ್ಲಗೆ ಹೇಳಿದೆ:

"ಸರ್, ಆ ನಕ್ಷೆ ಮ್ಯಾಲ ಹಸಿರು ಶಾಯಿಯೊಳಗ ಬರದೈತ್ರಿ. ಮನ್ಯಾಗ ಐತಿ, ಕಳಿಸ್ಲೇನ್ರಿ?"

ಸಾಹುಕಾರರ ಕೈ ಜೇಬಿನಲ್ಲಿದ್ದ ಪೆನ್ನಿನ ಮೇಲೆ ಹೋಯಿತು.

"ಬ್ಯಾಡ ಬಿಡ್ರಿ, ತಂಗಿ. ಹಬ್ಬದ ದಿನ ಅದೆಲ್ಲ ಯಾಕ. ಮೊದ್ಲು ಪ್ರಸಾದ ಹಂಚ್ರಿ."

ಜೀಪಿನಲ್ಲಿ ಹೊಸಪೇಟೆಗೆ ಮರಳಿದೆವು. ಮನೆಯ ಬೀಗ ತೆಗೆಯುವಾಗ ಇವರು, "ಆ ನಕ್ಷೆ ಜೋಪಾನ ಇಡು," ಎಂದರು.

ನೌಕರಿ ಉಳಿಯಿತು. ಗುಡ್ಡದ ಹಿಂಬದಿಯಲ್ಲಿ ಬೇರೆ ಟ್ರೆಂಚ್ ತೋಡಿದರು. ಬಂದವರಿಗೆಲ್ಲ ಸಾಹುಕಾರರು ಅದನ್ನು ತಮ್ಮದೇ ಐಡಿಯಾ ಎಂದು ತೋರಿಸುತ್ತಿದ್ದರು. ನಮ್ಮನೆಯವರು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದರು. ಮರುವರ್ಷದ ಹಬ್ಬಕ್ಕೆ ಬಾಳೆಕಂಬಗಳು ಮರಳು ತುಂಬಿದ ಡಬ್ಬಿಗಳಲ್ಲಿ ನಿಂತವು.